ಓಲೆಗರಿಯ ಕಟ್ಟು ಬಿಚ್ಚುವವರು ಯಾರು?

(ಮೈಸೂರು ವಿಶ್ವವಿದ್ಯಾನಿಲಯದ ಸಂಗ್ರಹಗಳನ್ನು ಕುರಿತು ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ವಿಶ್ವವಿದ್ಯಾನಿಲಯದ ಸಂಗ್ರಹಗಳ ಬಗ್ಗೆ ಮಾತಾಡಿ ಎಂದು ನೀವು ಕೇಳಿದಾಗ ಯಾವುದನ್ನು ಬಿಡಲಿ ಎಂಬುದೇ ಯೋಚನೆಯಾಯಿತು. ದೊಡ್ಡ ಗ್ರಂಥಾಲಯವಿದೆ, ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ, ಕನ್ನಡ ಅಧ್ಯಯನ ಸಂಸ್ಥೆಯ ಹಸ್ತಪ್ರತಿ ಭಂಡಾರವಿದೆ, ಜಾನಪದ ವಸ್ತುಸಂಗ್ರಹಾಲಯವಿದೆ, ಪುರಾತತ್ವದವರು ನೆಲ ಅಗೆದು ತೆಗೆದದ್ದಿದೆ. ಒಂದೊಂದಕ್ಕೂ ನಾಲ್ಕು ಮಾತು ಹೇಳಿದರೆ ಅದು ಬರೀ ಪಟ್ಟಿಯಾಗುತ್ತದೆ. ಅದಕ್ಕೇ ಎರಡು ಕಡೆ ಹೆಚ್ಚು ಹೊತ್ತು ನಿಲ್ಲೋಣ: ಓಲೆಗರಿಯ ಕೋಣೆಯಲ್ಲಿ ಮತ್ತು ಜಾನಪದ ವಸ್ತುಸಂಗ್ರಹಾಲಯಕ್ಕೆ ಮನೆಯಾದ ಜಯಲಕ್ಷ್ಮಿ ವಿಲಾಸ ಅರಮನೆಯಲ್ಲಿ. ನನಗೆ ಹೇಳುವುದಿರುವುದು ಒಂದೇ. ಸಂಗ್ರಹ ಕಾಯಲು ಕಟ್ಟಡ ಬೇಕು, ಕಪಾಟು ಬೇಕು, ಹುಳುವಿಗೆ ಔಷಧಿ ಬೇಕು. ಇದೆಲ್ಲಕ್ಕೂ ಮೊದಲು ಅದನ್ನು ಓದಬಲ್ಲ ಜನ ಬೇಕು. ಅಂಥವರನ್ನು ವರ್ಷವರ್ಷವೂ ತಯಾರು ಮಾಡುತ್ತ ಹೋಗುವ ಕೆಲಸ ವಿಶ್ವವಿದ್ಯಾನಿಲಯದ್ದು.

1905ಕ್ಕೆ ಹೋಗೋಣ. ಆಗ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿರಲಿಲ್ಲ. ಆದರೆ ಅದರ ಒಂದು ಅಂಗ ಆಗಲೇ ಇತ್ತು. ಹತ್ತನೆಯ ಚಾಮರಾಜ ಒಡೆಯರು 1891ರಲ್ಲಿ ಸ್ಥಾಪಿಸಿದ ಓರಿಯಂಟಲ್ ಲೈಬ್ರರಿ ಅದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ವಿಶ್ವವಿದ್ಯಾನಿಲಯ ಆರಂಭವಾಯಿತು. ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಲೈಬ್ರರಿ ಆಮೇಲೆ ವಿಶ್ವವಿದ್ಯಾನಿಲಯದ ಆಡಳಿತಕ್ಕೆ ಸೇರಿತು, 1943ರಲ್ಲಿ ಅದಕ್ಕೆ ಪ್ರಾಚ್ಯವಿದ್ಯಾ ಸಂಶೋಧನಾಲಯ ಎಂಬ ಹೆಸರು ಬಂತು. ಹಾಗೆ ನೋಡಿದರೆ ವಿಶ್ವವಿದ್ಯಾನಿಲಯಕ್ಕಿಂತ ಅದರ ಪುಸ್ತಕದ ಕೋಣೆಗೇ 25 ವರ್ಷ ಹೆಚ್ಚು ವಯಸ್ಸು. ಈ ಕ್ರಮ ನನಗೆ ಬಹಳ ಇಷ್ಟ.

ಆ ಲೈಬ್ರರಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಓಲೆಗರಿಯ ಪ್ರತಿಯೊಂದನ್ನು ತಂದು ಒಪ್ಪಿಸಿದರು. ಅವರ ಹೆಸರು ಎಲ್ಲೂ ಮುಂದೆ ಬರಲಿಲ್ಲ, ಅದು ನನಗೆ ಇವತ್ತಿಗೂ ನೋವಿನ ಸಂಗತಿ. ಪ್ರತಿ ಇದ್ದದ್ದು ತಮಿಳು ನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎಂಬ ಹೆಸರಿನ ಲಿಪಿಯಲ್ಲಿ, ಭಾಷೆ ಸಂಸ್ಕೃತ. ಜೊತೆಗೆ ಭಟ್ಟಸ್ವಾಮಿ ಎಂಬಾತನ ವ್ಯಾಖ್ಯಾನದ ಒಂದು ತುಣುಕೂ ಇತ್ತು. ಲೈಬ್ರರಿಯಲ್ಲಿ ಆಗ ಗ್ರಂಥಪಾಲರಾಗಿದ್ದವರು ರುದ್ರಪಟ್ಟಣದ ಆರ್. ಶಾಮಾಶಾಸ್ತ್ರಿಗಳು. ಅವರು ಬಿಚ್ಚಿ ಓದಿದರು. ಕೌಟಿಲ್ಯನ ಅರ್ಥಶಾಸ್ತ್ರ ಎಂಬ ಗ್ರಂಥವೊಂದಿತ್ತು ಎಂಬುದು ವಿದ್ವಾಂಸರಿಗೆ ಗೊತ್ತಿತ್ತು. ಸಂಸ್ಕೃತ ಕವಿ ದಂಡಿ ಅದನ್ನು ನೆನೆದಿದ್ದಾನೆ, ನೀತಿಸಾರ ಬರೆದ ಕಾಮಂದಕ ಅದಕ್ಕೆ ತಲೆಬಾಗಿದ್ದಾನೆ, ಬೇರೆ ಬೇರೆ ವ್ಯಾಖ್ಯಾನಕಾರರು ಅದರಿಂದ ಸಾಲುಗಳನ್ನು ಎತ್ತಿಕೊಂಡಿದ್ದಾರೆ. ಗ್ರಂಥ ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ಶಾಸ್ತ್ರಿಗಳ ಕೈಯಲ್ಲಿದ್ದ ಓಲೆಗಳು ಆರಂಭದಲ್ಲೇ ತಮ್ಮ ಲೆಕ್ಕ ಹೇಳುತ್ತಿದ್ದವು: 15 ಅಧಿಕರಣ, 150 ಅಧ್ಯಾಯ, 180 ಪ್ರಕರಣ, 6000 ಶ್ಲೋಕದಷ್ಟು ಪ್ರಮಾಣ (ಶ್ಲೋಕ ಎಂದರೆ ಇಲ್ಲಿ ಪದ್ಯವಲ್ಲ, 32 ಅಕ್ಷರದ ಅಳತೆ). ದಂಡಿ ಹೇಳುವ ಪ್ರಮಾಣವೂ ಆರು ಸಾವಿರ ಶ್ಲೋಕವೇ. ಎಣಿಸುತ್ತ ಹೋಗಬಹುದಿತ್ತು, ಹೊರಗಿನ ಉಲ್ಲೇಖಗಳ ಜೊತೆ ಹೋಲಿಸಿ ನೋಡಬಹುದಿತ್ತು.

ಈ ಕಥೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ 1905ಕ್ಕೇ ನಿಲ್ಲಿಸಿಬಿಡುತ್ತೇವೆ. ನಿಜವಾದ ದುಡಿಮೆ ಶುರುವಾದದ್ದು ಅಲ್ಲಿಂದ. ಅದೇ ವರ್ಷದಿಂದ ಶಾಸ್ತ್ರಿಗಳು ಭಾಗಭಾಗವಾಗಿ ಇಂಗ್ಲಿಷ್ ಅನುವಾದವನ್ನು ಪತ್ರಿಕೆಗಳಲ್ಲಿ ಪ್ರಕಟಿಸುತ್ತ ಬಂದರು. ಮೂಲಪಾಠ ಅಚ್ಚಾದದ್ದು 1909ರಲ್ಲಿ. ಇಡೀ ಅನುವಾದ ಪುಸ್ತಕವಾಗಿ ಬಂದದ್ದು 1915ರಲ್ಲಿ, ಅದಕ್ಕೆ ಶಾಸನತಜ್ಞ ಜೆ. ಎಫ್. ಫ್ಲೀಟ್ ಮುನ್ನುಡಿ ಬರೆದರು. ಕಟ್ಟು ಬಿಚ್ಚಿದ್ದರಿಂದ ಪುಸ್ತಕದವರೆಗೆ ಹತ್ತು ವರ್ಷ. ತೆರಿಗೆ, ಗಣಿ, ಅಳತೆ, ತೂಕ, ಗೂಢಚಾರಿಕೆ, ಆನೆಗಳ ಪಾಲನೆ ಎಂದು ನೂರಾರು ವಿಷಯಗಳ ಪಾರಿಭಾಷಿಕ ಪದಗಳು ತುಂಬಿದ ಗದ್ಯವನ್ನು, ಹಿಂದೆ ಯಾರೂ ಅಚ್ಚು ಹಾಕಿರದ ಗ್ರಂಥವನ್ನು, ಅವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದರು. ಆಮೇಲೆ ಗಣಪತಿ ಶಾಸ್ತ್ರಿಗಳು ತಿರುವನಂತಪುರದಿಂದ, ಕಾಂಗ್ಲೆಯವರು ಮುಂಬಯಿಯಿಂದ ಪರಿಷ್ಕರಿಸಿದ ಪಾಠಗಳನ್ನು ತಂದರು. ಗ್ರಂಥದ ಕಾಲದ ಬಗ್ಗೆ, ಕರ್ತೃವಿನ ಬಗ್ಗೆ ಇವತ್ತಿಗೂ ಚರ್ಚೆ ಮುಗಿದಿಲ್ಲ. ಆ ಚರ್ಚೆಗೆಲ್ಲ ನೆಲೆ ಒದಗಿಸಿದವರು ಮೈಸೂರಿನ ಒಬ್ಬ ಗ್ರಂಥಪಾಲರು. ಗ್ರಂಥಪಾಲರು ಎಂಬುದನ್ನು ಒತ್ತಿ ಹೇಳುತ್ತೇನೆ. ಅವರಿಗೆ ಗ್ರಂಥ ಲಿಪಿ ಬರದಿದ್ದರೆ, ಅಥವಾ ಬಂದ ಕಟ್ಟಿಗೆ ನಂಬರು ಹಾಕಿ ಕಪಾಟಿಗೆ ಸೇರಿಸುವುದಷ್ಟೇ ತಮ್ಮ ಕೆಲಸ ಎಂದುಕೊಂಡಿದ್ದರೆ ಆ ಪ್ರತಿ ಇನ್ನೆಷ್ಟು ಕಾಲ ಹಾಗೇ ಇರುತ್ತಿತ್ತೋ.

ಈಗ ಓಲೆಯನ್ನೇ ಹತ್ತಿರದಿಂದ ನೋಡೋಣ. ನಿಮ್ಮಲ್ಲಿ ಎಷ್ಟೋ ಜನ ಅದನ್ನು ಗಾಜಿನ ಹಿಂದೆ ಕಂಡಿದ್ದೀರಿ, ಕೈಯಲ್ಲಿ ಹಿಡಿದಿಲ್ಲ. ಗೇಣಿನಿಂದ ಮೊಳದವರೆಗೆ ಉದ್ದ, ಎರಡು ಮೂರು ಬೆರಳು ಅಗಲ. ಮೇಲೆ ಕೆಳಗೆ ಮರದ ಹಲಗೆ, ನಡುವೆ ರಂಧ್ರ, ರಂಧ್ರದಲ್ಲಿ ದಾರ. ಲಿಪಿಕಾರ ಕಬ್ಬಿಣದ ಕಂಟದಿಂದ ಗೀರಿ ಬರೆಯುತ್ತಾನೆ. ಗೀರಿದಾಗ ಅಕ್ಷರ ಅಷ್ಟಾಗಿ ಕಾಣುವುದಿಲ್ಲ, ಮಸಿ ಸವರಿ ಒರೆಸಿದ ಮೇಲೆ ಗೀರಿನೊಳಗೆ ಕಪ್ಪು ನಿಂತು ಅಕ್ಷರ ಏಳುತ್ತದೆ. ಮಸಿ ಹೋದ ಓಲೆ ಖಾಲಿ ಓಲೆಯಂತೆಯೇ ಕಾಣುವುದುಂಟು. ಅದನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಗೀರುಗಳು ಕಾಣುತ್ತವೆ. ಹಾಳೆಗೆ ಒಂದೇ ಅಂಕೆ, ಪುಟಕ್ಕೆ ಇಲ್ಲ. ಪದಗಳ ನಡುವೆ ಜಾಗವಿಲ್ಲ. ಪದ್ಯವಾದರೂ ಸಾಲು ಮುರಿಯದೆ ಗದ್ಯದ ಹಾಗೆ ಉದ್ದಕ್ಕೆ ಹೋಗುತ್ತದೆ.

ಹಳೆಯ ಕನ್ನಡ ಪ್ರತಿಗಳಲ್ಲಿ ಎ–ಏ, ಒ–ಓಗಳ ಹ್ರಸ್ವ ದೀರ್ಘವನ್ನು ಸಾಮಾನ್ಯವಾಗಿ ಬೇರೆ ಮಾಡಿ ತೋರಿಸುವುದಿಲ್ಲ. ‘ಕೊಡು’ ಎಂದರೂ ‘ಕೋಡು’ ಎಂದರೂ ಓಲೆಯ ಮೇಲೆ ಒಂದೇ ಆಕಾರ. ಹಾಗಾದರೆ ಓದುವುದು ಹೇಗೆ? ಭಾಮಿನಿ ಷಟ್ಪದಿಯಾದರೆ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರಬೇಕು. ಮೂರು ಮಾತ್ರೆಯ ಜಾಗದಲ್ಲಿ ಈ ಎರಡಕ್ಷರ ಮಾತ್ರ ಕೂತಿದ್ದರೆ ಅದು ‘ಕೋಡು’ ಆಗಿರಲೇಬೇಕು. ಇನ್ನೊಂದು ಲಘುವನ್ನು ಜೊತೆಗೆ ಕರೆದುಕೊಂಡು ಗಣ ತುಂಬಿಸಿದ್ದರೆ ‘ಕೊಡು’. ಗದ್ಯವಾದರೆ ಛಂದಸ್ಸಿನ ಈ ಆಸರೆಯೂ ಇಲ್ಲ, ಅರ್ಥದ ಹಿಂದೆಯೇ ಹೋಗಬೇಕು. ಇನ್ನು ಹಳಗನ್ನಡದ ೞ. ಬಳಕೆ ತಪ್ಪಿದ ಮೇಲೆ ಪ್ರತಿ ಮಾಡಿದವರು ಅದರ ಜಾಗದಲ್ಲಿ ಳ ಬರೆದುಬಿಟ್ಟಿದ್ದಾರೆ. ಮೂಲದಲ್ಲಿ ಏನಿತ್ತು ಎಂಬುದನ್ನು ಕೆಲವೊಮ್ಮೆ ಪ್ರಾಸದ ಸ್ಥಾನ ಹೇಳಿಕೊಡುತ್ತದೆ. ಡಿ. ಎಲ್. ನರಸಿಂಹಾಚಾರ್ಯರು ಹಳಗನ್ನಡದ ಗದ್ಯಕೃತಿ ವಡ್ಡಾರಾಧನೆಯನ್ನು 1949ರಲ್ಲಿ ಸಂಪಾದಿಸಿ ಕೊಟ್ಟದ್ದು ಇಂಥ ಸಾವಿರಾರು ಸಣ್ಣ ತೀರ್ಮಾನಗಳ ಮೂಲಕ. ಆ ವಿದ್ಯೆಯನ್ನೇ ಅವರು 1964ರಲ್ಲಿ ಕನ್ನಡ ಗ್ರಂಥಸಂಪಾದನೆ ಎಂಬ ಪುಸ್ತಕವಾಗಿ ನಮಗೆ ಬಿಟ್ಟುಹೋದರು. ತರಗತಿಯಲ್ಲಿ ಕೂತು ಕಲಿಯಬಹುದಾದ ವಿದ್ಯೆ ಇದು, ಮೈಸೂರಿನಲ್ಲಿ ಕಲಿಸಿದ ವಿದ್ಯೆ.

ಲಿಪಿಕಾರರು ಪ್ರತಿಯ ಕೊನೆಯಲ್ಲಿ ಬರೆಯುತ್ತಿದ್ದ ಒಂದು ಶ್ಲೋಕ ನಿಮಗೆ ಗೊತ್ತಿರಬಹುದು: “ಭಗ್ನಪೃಷ್ಠಕಟಿಗ್ರೀವಃ ಸ್ತಬ್ಧದೃಷ್ಟಿರಧೋಮುಖಃ । ಕಷ್ಟೇನ ಲಿಖಿತಂ ಗ್ರಂಥಂ ಯತ್ನೇನ ಪರಿಪಾಲಯೇತ್.” ಬೆನ್ನು ಸೊಂಟ ಕತ್ತು ಮುರಿದುಕೊಂಡು, ದೃಷ್ಟಿ ಕದಲಿಸದೆ, ತಲೆ ಬಗ್ಗಿಸಿ ಕಷ್ಟಪಟ್ಟು ಬರೆದದ್ದು, ಜತನದಿಂದ ಕಾಪಾಡಿ ಎಂಬ ಮಾತು. ಇದನ್ನು ನಾನು ಅಲಂಕಾರದ ಮಾತು ಎಂದು ಓದುವುದಿಲ್ಲ. ನಮ್ಮ ಹವೆಯಲ್ಲಿ ಓಲೆ ಕೆಲವು ನೂರು ವರ್ಷ ಬಾಳುತ್ತದೆ. ಅಷ್ಟರೊಳಗೆ ಮತ್ತೊಬ್ಬ ಕೂತು ಹೊಸ ಪ್ರತಿ ಮಾಡದಿದ್ದರೆ ಗ್ರಂಥವೇ ಇಲ್ಲವಾಗುತ್ತದೆ. ಪಂಪ ನಮಗೆ ಉಳಿದಿರುವುದು ಹೆಸರಿಲ್ಲದ ಎಷ್ಟೋ ತಲೆಮಾರುಗಳ ಬೆನ್ನುನೋವಿನಿಂದ.

ಸಂಶೋಧನಾಲಯದಲ್ಲಿ ಇರುವ ಕೃತಿಗಳು ಹತ್ತಾರು ಸಾವಿರ. ವೇದ, ವ್ಯಾಕರಣ, ಜ್ಯೋತಿಷ, ಆಯುರ್ವೇದ, ಸಂಗೀತ, ಆಗಮ. ಮುಮ್ಮಡಿ ಕೃಷ್ಣರಾಜ ಒಡೆಯರ ಸಚಿತ್ರ ಶ್ರೀತತ್ತ್ವನಿಧಿಯ ಒಂದು ಪ್ರತಿಯೂ ಅಲ್ಲಿದೆ. ಲಿಪಿಗಳೂ ಹಲವು. ಸಂಸ್ಕೃತ ಕೃತಿ ಎಂದರೆ ನಾಗರಿಯಲ್ಲೇ ಇರಬೇಕು ಎಂದು ಇವತ್ತಿನ ವಿದ್ಯಾರ್ಥಿ ಭಾವಿಸುತ್ತಾನೆ. ಇಲ್ಲಿ ಅದು ಕನ್ನಡ, ತೆಲುಗು, ಗ್ರಂಥ, ನಂದಿನಾಗರಿ, ತಿಗಳಾರಿ ಲಿಪಿಗಳಲ್ಲಿದೆ. ಮಲೆನಾಡು ಮತ್ತು ತುಳುನಾಡಿನ ಕಡೆಯಿಂದ ಬಂದದ್ದಾದರೆ ತಿಗಳಾರಿ, ಮಾಧ್ವ ಮಠಗಳ ಕಡೆಯದಾದರೆ ಹಲವೊಮ್ಮೆ ನಂದಿನಾಗರಿ. ಒಂದೇ ಕಟ್ಟಿನಲ್ಲಿ ಮೂರು ನಾಲ್ಕು ಕೃತಿಗಳಿರುತ್ತವೆ, ಮೊದಲ ಓಲೆ ಮುರಿದು ಹೆಸರೇ ಹೋಗಿರುತ್ತದೆ. ಹೆಸರಿಲ್ಲದ ಕೃತಿಯನ್ನು ಗುರುತಿಸಬೇಕಾದರೆ ಆ ಶಾಸ್ತ್ರದ ಬೇರೆ ಹತ್ತು ಗ್ರಂಥ ಓದಿದವನೇ ಬೇಕು. ವರ್ಣನಾತ್ಮಕ ಸೂಚಿಗಳನ್ನು ಸಿದ್ಧಪಡಿಸಿದ ಪಂಡಿತರು ಮಾಡಿದ್ದು ಈ ಕೆಲಸ. ಸಂಪುಟದ ಮೇಲೆ ಒಬ್ಬಿಬ್ಬರ ಹೆಸರಿರುತ್ತದೆ, ಒಳಗೆ ಒಂದೊಂದು ನಮೂದಿನ ಹಿಂದೆ ಒಬ್ಬರ ಒಂದು ಮಧ್ಯಾಹ್ನವಾದರೂ ಕಳೆದಿರುತ್ತದೆ.

ಕನ್ನಡದ ಹಸ್ತಪ್ರತಿಗಳಿಗೆ 1966ರಲ್ಲಿ ಶುರುವಾದ ಕನ್ನಡ ಅಧ್ಯಯನ ಸಂಸ್ಥೆ ನೆಲೆಯಾಯಿತು. ಅಲ್ಲಿಗೆ ಹೋದರೆ ಓಲೆಯ ಜೊತೆಗೆ ಕಡತ ಎಂದರೇನು ಎಂದೂ ಕೇಳಿ ತಿಳಿದುಕೊಳ್ಳಿ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು ಒಣಗಿಸಿ ಮಡಿಕೆ ಮಾಡಿ, ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಇವತ್ತು ಕಚೇರಿಯಲ್ಲಿ ಫೈಲಿಗೆ ಕಡತ ಎನ್ನುವವರಲ್ಲಿ ಹೆಚ್ಚಿನವರು ಆ ಕಪ್ಪು ಬಟ್ಟೆಯನ್ನು ನೋಡಿರುವುದಿಲ್ಲ.

ಪುರಾತತ್ವದ ಬಗ್ಗೆ ಎರಡೇ ಮಾತು. 1936ರಲ್ಲಿ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ ಎಂ. ಎಚ್. ಕೃಷ್ಣ ಅವರು ಇಲ್ಲಿ ಚರಿತ್ರೆಯ ಪ್ರಾಧ್ಯಾಪಕರಾಗಿದ್ದವರು. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ತಿರುಮಕೂಡಲು ನರಸೀಪುರದಲ್ಲಿ ಅಗೆದಾಗ ನವಶಿಲಾಯುಗದ ಜನ ತಲೆಗೆ ಇಟ್ಟುಕೊಳ್ಳುತ್ತಿದ್ದ ಮಣ್ಣಿನ ಒರಗುಗಳು ಸಿಕ್ಕವು. ಪಾಠ ಹೇಳುವವರೇ ಗುದ್ದಲಿ ಹಿಡಿದು ಹೋಗಿ ತಂದ ಸಂಗ್ರಹ ಇದು.

ಈಗ ಜಯಲಕ್ಷ್ಮಿ ವಿಲಾಸಕ್ಕೆ ಬರೋಣ. ಹತ್ತನೆಯ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಅರಮನೆ. ಅರ್ಥಶಾಸ್ತ್ರ ಓದಿದ ವರ್ಷವೇ. ಕುವೆಂಪು ಕುಲಪತಿಗಳಾಗಿದ್ದ ಕಾಲದಲ್ಲಿ ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿ ರೂಪುಗೊಂಡು, ಈ ಅರಮನೆ ಅದರ ಭಾಗವಾಯಿತು. 1960ರ ದಶಕದ ಕೊನೆಗೆ ಜಾನಪದ ವಸ್ತುಸಂಗ್ರಹಾಲಯ ಹುಟ್ಟಿತು. ಜೀ. ಶಂ. ಪರಮಶಿವಯ್ಯನವರು ಹಳ್ಳಿಗಳಿಂದ ಹಾಡು ಮತ್ತು ಕಾವ್ಯ ತಂದರು, ಹರ್ತಿಕೋಟೆಯ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರು ವಸ್ತುಗಳನ್ನು ತಂದರು. ಅರಸು ಮಗಳ ಮನೆಯಲ್ಲಿ ಒಕ್ಕಲಿನ ಮನೆಯ ಸಾಮಾನು ಬಂದು ಕೂತಿತು. ವಿಶ್ವವಿದ್ಯಾನಿಲಯವೊಂದು ಬೀಸುವ ಕಲ್ಲನ್ನೂ ಓಲೆಗರಿಯಷ್ಟೇ ಗೌರವದಿಂದ ಒಳಗೆ ಕರೆದುಕೊಂಡದ್ದು ಕನ್ನಡ ನಾಡಿನ ವಿದ್ಯೆಯ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆ ಎಂದು ನಾನು ನಂಬಿದ್ದೇನೆ.

ಇಲ್ಲಿ ಓದುವುದೆಂದರೆ ಏನು? ಸಾಲಾಗಿ ಬೀಜ ಬಿತ್ತುವ ಕೂರಿಗೆಯನ್ನು ತೆಗೆದುಕೊಳ್ಳಿ. ದಿಮ್ಮಿಗೆ ಕೂರಿಸಿದ ತಾಳುಗಳು, ಅವುಗಳಿಂದ ಮೇಲೆದ್ದ ಬಿದಿರಿನ ಕೊಳವೆಗಳು, ಎಲ್ಲ ಕೊಳವೆಗಳೂ ಬಂದು ಸೇರುವ ಮರದ ಬಟ್ಟಲು. ಎತ್ತು ನಡೆಯುತ್ತಿರುವಾಗ ಹಿಂದಿನಿಂದ ಬರುವವರು ಬೀಜವನ್ನು ಆ ಬಟ್ಟಲಿಗೆ ಬಿಡುತ್ತ ಹೋಗಬೇಕು. ಬೆರಳು ಸ್ವಲ್ಪ ಬಿಗಿಯಾದರೆ ಸಾಲು ತೆಳ್ಳಗಾಗುತ್ತದೆ, ಸಡಿಲವಾದರೆ ಒತ್ತಾಗಿ ಬೀಳುತ್ತದೆ. ಹಳೆ ಮೈಸೂರಿನ ರಾಗಿ ಕೂರಿಗೆಗೆ ಹನ್ನೆರಡು ತಾಳಿರುವುದುಂಟು, ಜೋಳದ ನಾಡಿನಲ್ಲಿ ಮೂರೋ ನಾಲ್ಕೋ. ತಾಳುಗಳ ಎಣಿಕೆ, ಅವುಗಳ ನಡುವಿನ ಅಂತರ ಇಷ್ಟು ನೋಡಿದರೆ ಆ ಹೊಲದಲ್ಲಿ ಏನು ಬೆಳೆಯುತ್ತಿದ್ದರು, ಆಮೇಲೆ ಯಾವ ಕುಂಟೆ ಹೊಡೆಯುತ್ತಿದ್ದರು ಎಂದು ಊಹಿಸಬಹುದು. ‘ಕೂರಿಗೆ, ಮರ’ ಎಂದಷ್ಟೇ ಬರೆದ ಚೀಟಿಯಲ್ಲಿ ಇದ್ಯಾವುದೂ ಇರುವುದಿಲ್ಲ. ಬಟ್ಟಲಿಗೆ ಬೀಜ ಬಿಟ್ಟ ಕೈಯವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ವಯಸ್ಸಾಗಿದೆ. ಅವರನ್ನು ಕರೆದುತಂದು ಕೂರಿಗೆಯ ಮುಂದೆ ಕೂರಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳುವುದು ಇವತ್ತೇ ಆಗಬೇಕಾದ ಕೆಲಸ.

ತೊಗಲುಗೊಂಬೆಯ ವಿಷಯ ಇನ್ನೂ ಸೂಕ್ಷ್ಮ. ಹದ ಮಾಡಿ ತೆಳುವಾಗಿಸಿದ ಚರ್ಮ, ಅದರ ಮೇಲೆ ಕೆಂಪು, ಹಸಿರು, ಕಪ್ಪು. ಒಡವೆ ಮತ್ತು ಸೀರೆಯ ಅಂಚು ಇರುವ ಕಡೆ ಸಾಲು ಸಾಲು ತೂತು. ಇದನ್ನು ಗೋಡೆಗೆ ಒರಗಿಸಿ ಮುಂದಿನಿಂದ ಬೆಳಕು ಹಾಕಿದರೆ ಮಂಕಾದ ಚರ್ಮ ಕಾಣುತ್ತದೆ. ಬಿಳಿ ಪರದೆಯ ಆಚೆ ಹಿಡಿದು ಹಿಂದಿನಿಂದ ದೀಪ ಇಟ್ಟಾಗ ಬಣ್ಣಗಳು ಹೊತ್ತಿಕೊಳ್ಳುತ್ತವೆ, ತೂತುಗಳೆಲ್ಲ ಒಡವೆಯಾಗುತ್ತವೆ. ಗೊಂಬೆ ಮಾಡಿದವನು ಬಣ್ಣ ಆರಿಸಿದ್ದು ಆ ಬೆಳಕಿಗಾಗಿ. ಹಾಗಾಗಿ ಯಾವ ವಸ್ತುಸಂಗ್ರಹಾಲಯದಲ್ಲೇ ಆಗಲಿ ತೊಗಲುಗೊಂಬೆಗೆ ಹಿಂಬೆಳಕು ಕೊಡಬೇಕು, ಬಣ್ಣ ಮಾಸದಂತೆ ಹದವಾಗಿ, ನೋಡುವವರು ಬಂದಾಗಷ್ಟೇ. ಮುಪ್ಪಾದ ಗೊಂಬೆಯನ್ನು ಆಟದವರು ಹೊಳೆಗೆ ಬಿಟ್ಟು ಕಳಿಸುವ ಪದ್ಧತಿಯಿದೆ. ನಮ್ಮ ಬಳಿಗೆ ಬಂದದ್ದು ಹೊಳೆಗೆ ಹೋಗದೆ ಉಳಿದದ್ದು. ಅದನ್ನು ಇಟ್ಟುಕೊಳ್ಳುವವರು ಅದರ ಮನೆತನದ ಮಾತನ್ನೂ ಇಟ್ಟುಕೊಳ್ಳಬೇಕು: ಯಾವ ಮೇಳದ್ದು, ಯಾವ ಪ್ರಸಂಗದ ಯಾವ ಪಾತ್ರ, ಅದು ಪರದೆಗೆ ಬಂದಾಗ ಯಾವ ಹಾಡು.

ಡಿಜಿಟಲೀಕರಣದ ಬಗ್ಗೆ ನೀವು ಕೇಳುತ್ತೀರಿ ಎಂದು ಗೊತ್ತು. ನಾನು ಅದರ ಪರ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಶುರುವಾಯಿತು, 2025ರ ಕೇಂದ್ರ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಎಂಬ ಯೋಜನೆಯನ್ನೂ ಘೋಷಿಸಿದರು. ಚಿತ್ರ ತೆಗೆದಿಟ್ಟರೆ ಓಲೆಯನ್ನು ಪದೇ ಪದೇ ಮುಟ್ಟಬೇಕಾಗಿಲ್ಲ, ದೂರದ ಊರಿನವರೂ ಓದಬಹುದು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ಈ ಲಿಪಿಗಳಿಗೆ ಜಾಗ ಸಿಕ್ಕಿದೆ: ಗ್ರಂಥಕ್ಕೆ 2014ರಲ್ಲಿ, ನಂದಿನಾಗರಿಗೆ 2019ರಲ್ಲಿ, ತುಳು-ತಿಗಳಾರಿಗೆ 2024ರಲ್ಲಿ. ಇದೆಲ್ಲ ಸಂತೋಷದ ಸುದ್ದಿ. ಆದರೂ ತಿಗಳಾರಿಯ ಚಿತ್ರ ತಿಗಳಾರಿಯೇ. ಕಪಾಟಿನಲ್ಲಿ ಓದಲಾಗದೆ ಕೂತಿದ್ದದ್ದು ಹಾರ್ಡ್ ಡಿಸ್ಕಿನಲ್ಲಿ ಓದಲಾಗದೆ ಕೂರುತ್ತದೆ. ಚಿತ್ರ ತೆಗೆಯಲು ಸಿಗುವ ಹಣದ ಒಂದು ಪಾಲು ಲಿಪಿ ಕಲಿಯುವ ವಿದ್ಯಾರ್ಥಿಗೆ ವೇತನವಾಗಿ ಹೋಗಬೇಕು. ಕನ್ನಡ, ಸಂಸ್ಕೃತ, ಇತಿಹಾಸ ಎಂ.ಎ. ತರಗತಿಗಳಲ್ಲಿ ಹಸ್ತಪ್ರತಿ ಓದು ಪರೀಕ್ಷೆಗೆ ಮಾತ್ರ ಇರುವ ಅಧ್ಯಾಯವಾಗಬಾರದು. ಪ್ರತಿ ವಿದ್ಯಾರ್ಥಿಯೂ ಒಂದು ಸಣ್ಣ ಕೃತಿಯನ್ನಾದರೂ, ಹತ್ತು ಓಲೆಯಷ್ಟಾದರೂ, ಮೊದಲಿಂದ ಕೊನೆಯವರೆಗೆ ಲಿಪ್ಯಂತರ ಮಾಡಿ, ಪ್ರತಿಯಿಂದ ಪ್ರತಿಗೆ ಬದಲಾಗುವ ಪಾಠಾಂತರ ಗುರುತಿಸಿ ಒಪ್ಪಿಸಬೇಕು. ಇದಕ್ಕೆ ಹೊಸ ಕಟ್ಟಡ ಬೇಡ. ಸಾಮಗ್ರಿ ನಮ್ಮ ಕೈಯಲ್ಲೇ ಇದೆ, ನಡೆದು ಹೋಗುವಷ್ಟು ದೂರದಲ್ಲಿ.

ಪಂಡಿತರ ಹುದ್ದೆಗಳ ಮಾತು ಹೇಳದೆ ಮುಗಿಸಲಾರೆ. ಒಬ್ಬರು ಮೂವತ್ತು ವರ್ಷ ಓಲೆ ನೋಡಿ ಗಳಿಸಿದ ಕಣ್ಣು ನಿವೃತ್ತಿಯ ದಿನ ಅವರ ಜೊತೆಗೇ ಮನೆಗೆ ಹೋಗುತ್ತದೆ. ಅವರು ಹೋಗುವ ಐದು ವರ್ಷ ಮೊದಲೇ ಪಕ್ಕದ ಮಣೆಯಲ್ಲಿ ಒಬ್ಬ ಎಳೆಯರು ಕೂತಿರಬೇಕು. ಇದನ್ನು ಯಾವ ಹಳೆಯ ವಿಶ್ವವಿದ್ಯಾನಿಲಯವೂ ಖರ್ಚು ಎಂದು ನೋಡಬಾರದು.

ಮಾತು ಮುಗಿದ ಮೇಲೆ ವಿದ್ಯಾರ್ಥಿಯೊಬ್ಬರು ಕೇಳಿದರು: “ಸರ್, ಇನ್ನು ಮುಂದೆ ಕಂಪ್ಯೂಟರೇ ಓದಿಬಿಡುವುದಿಲ್ಲವೇ? ಲಿಪಿ ಕಲಿಯಲು ನಾವು ಯಾಕೆ ಕಷ್ಟಪಡಬೇಕು?”

ಓದಲಿ, ಬೇಗ ಓದಲಿ ಎಂದೇ ನನ್ನ ಆಸೆ. ಯಂತ್ರಕ್ಕೆ ಕಲಿಸಬೇಕಾದರೆ ಮೊದಲು ಯಾರಾದರೂ ಸಾವಿರಾರು ಓಲೆಗಳನ್ನು ತಪ್ಪಿಲ್ಲದೆ ಓದಿ, ಒಂದೊಂದು ಸಾಲಿನ ಎದುರು ಸರಿಯಾದ ಪಾಠ ಬರೆದು ಕೊಡಬೇಕು. ಯಂತ್ರ ಓದಿದ ಮೇಲೆ ‘ಕೊಡು’ವೋ ‘ಕೋಡು’ವೋ ಎಂದು ನೋಡುವವರೂ ಬೇಕು. ಹುಳು ತಿಂದ ಜಾಗದಲ್ಲಿ ಏನಿತ್ತೆಂದು ಅದು ಊಹಿಸಿ ತುಂಬಿಸಿದರೆ, ಊಹೆ ಯಾವುದು ಓಲೆ ಯಾವುದು ಎಂದು ಬೇರ್ಪಡಿಸುವವರು ಬೇಕು. ಈ ಕೆಲಸಕ್ಕೆ ಬೇಕಾದವರು ನೀವು. ಈಗ ಲಿಪಿ ಕಲಿತವರಿಗೆ ಹಿಂದೆಂದಿಗಿಂತ ಹೆಚ್ಚು ಕೆಲಸವಿದೆ.

ಇನ್ನೊಬ್ಬರು ಕೇಳಿದರು: “ನಮ್ಮ ಅಜ್ಜನ ಕಾಲದ ಓಲೆಗರಿ ಕಟ್ಟು ಅಟ್ಟದ ಮೇಲಿದೆ. ದೇವರ ಕೋಣೆಯಲ್ಲಿಟ್ಟು ಪೂಜೆ ಮಾಡಿ ಎನ್ನುತ್ತಾರೆ. ಏನು ಮಾಡಲಿ?”

ಪೂಜೆಗೆ ಇಟ್ಟರೂ ಕುಂಕುಮ, ನೀರು, ಎಣ್ಣೆ ತಾಗಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಿಸಿಲಿಗೆ ಹಾಕಬೇಡಿ, ಕೊಬ್ಬರಿ ಎಣ್ಣೆ ಸವರಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಅಂಟಿಕೊಂಡ ಓಲೆಗಳನ್ನು ಉಗುರಿನಿಂದ ಬಿಡಿಸಲು ಹೋಗಬೇಡಿ. ದಾರ ತುಂಡಾಗಿದ್ದರೆ ಓಲೆಗಳ ಕ್ರಮ ಕದಲಿಸದೆ ಹಾಗೇ ಹತ್ತಿಯ ಬಟ್ಟೆಯಲ್ಲಿ ಸುತ್ತಿ ತೇವವಿಲ್ಲದ ಕಡೆ ಇಡಿ, ಒಂದೆರಡು ತುಂಡು ಬಜೆ ಪಕ್ಕದಲ್ಲಿರಲಿ. ಫೋನಿನಲ್ಲಿ ಮೊದಲ ಮತ್ತು ಕೊನೆಯ ಓಲೆಯ ಚಿತ್ರ ತೆಗೆದುಕೊಳ್ಳಿ. ಮನೆಯ ಹಿರಿಯರನ್ನು ಕೂರಿಸಿ ಕೇಳಿ: ಕಟ್ಟು ಯಾವ ಊರಿಂದ ಬಂತು, ಯಾರು ಓದುತ್ತಿದ್ದರು, ಅಜ್ಜ ಪಾಠ ಹೇಳುತ್ತಿದ್ದರೋ ಔಷಧಿ ಕೊಡುತ್ತಿದ್ದರೋ ಪಂಚಾಂಗ ನೋಡುತ್ತಿದ್ದರೋ. ಅದನ್ನು ಚೀಟಿಯಲ್ಲಿ ಬರೆದು 1905ರ ಆ ಪಂಡಿತರಿಗೆ ಆದಂತೆ ಆಗದ ಹಾಗೆ ಅಜ್ಜನ ಹೆಸರನ್ನೂ ಸೇರಿಸಿ ಕಟ್ಟಿನ ಜೊತೆ ಇಡಿ. ಆಮೇಲೆ ಸಂಶೋಧನಾಲಯಕ್ಕೋ ಕನ್ನಡ ಅಧ್ಯಯನ ಸಂಸ್ಥೆಗೋ ತಂದು ತೋರಿಸಿ. ಕೊಡುವುದು ಬಿಡುವುದು ಮನೆಯವರ ಇಷ್ಟ. ಒಳಗೆ ಏನಿದೆ ಎಂದು ಒಮ್ಮೆ ಓದಿಸಿಕೊಂಡು ಹೋಗಿ.